ಮನೆಯ ವೈಫೈಗೆ ವಿಪಿಎನ್ ಬೇಕಾ? ಫ್ರೀ ಆ್ಯಪ್ ಹಾಕೋ ಮುಂಚೆ ಇದನ್ನೊಮ್ಮೆ ಓದಿ

ಬ್ಯಾಡಗಿ: ಯೂಟ್ಯೂಬ್ ನೋಡ್ತಾ ಕೂತಾಗ ನಡುವೆ ಇಂಥ ಜಾಹೀರಾತು ಬರುತ್ತೆ. ‘ನಿಮ್ಮ ಇಂಟರ್ನೆಟ್ ಸುರಕ್ಷಿತವಲ್ಲ, ಹ್ಯಾಕರ್‌ಗಳು ನೋಡ್ತಿದ್ದಾರೆ, ಕೂಡಲೇ ವಿಪಿಎನ್ ಹಾಕಿಕೊಳ್ಳಿ’ ಅಂತ. ಪ್ಲೇಸ್ಟೋರ್ ತೆರೆದರೆ ಫ್ರೀ ವಿಪಿಎನ್ ಆ್ಯಪ್‌ಗಳು ರಾಶಿ ರಾಶಿ ಸಿಗುತ್ತವೆ. ಫೋನ್‌ಪೇ, ಜಿಎಸ್‌ಟಿ, ಇ-ವೇ ಬಿಲ್, ಸಿಸಿ ಕ್ಯಾಮೆರಾ, ಮಕ್ಕಳ ಓದು ಎಲ್ಲಾ ಒಂದೇ ವೈಫೈ ಮೇಲೆ ನಡೆಯುವಾಗ ಅಂಗಡಿಯವರಿಗೆ, ಮನೆಯವರಿಗೆ ಹೆದರಿಕೆ ಆಗೋದು ಸಹಜ.

ಮೊದಲು ಉತ್ತರ ಹೇಳಿಬಿಡೋಣ. ಒಳ್ಳೆ ಕಂಪನಿಯ ವಿಪಿಎನ್ ಹಾಕಿಕೊಂಡರೆ ಗೌಪ್ಯತೆ ಸ್ವಲ್ಪ ಹೆಚ್ಚುತ್ತೆ. ಆದರೆ ಅಕೌಂಟ್‌ನಲ್ಲಿರೋ ದುಡ್ಡು ಉಳಿಸಿಕೊಳ್ಳೋದು, ಮೋಸದ ಕರೆಗಳಿಂದ ಪಾರಾಗೋದು ಇವಕ್ಕೂ ವಿಪಿಎನ್‌ಗೂ ಹೆಚ್ಚು ಸಂಬಂಧ ಇಲ್ಲ. ಗೊತ್ತಿಲ್ಲದ ಫ್ರೀ ಆ್ಯಪ್ ಹಾಕಿದರಂತೂ ಇದ್ದ ಸುರಕ್ಷತೆಯೂ ಹೋಗಬಹುದು. ಯಾಕೆ ಅನ್ನೋದು ಮುಂದಿದೆ.

ವಿಪಿಎನ್ ಅಂದ್ರೆ ತಾಡಪತ್ರಿ ಇದ್ದ ಹಾಗೆ

ನಮ್ಮ ಮಾರ್ಕೆಟ್‌ನಿಂದ ಮೆಣಸಿನಕಾಯಿ ಲಾರಿ ಹೊರಡೋದನ್ನು ನೆನಪಿಸಿಕೊಳ್ಳಿ. ಚೀಲದ ಬಾಯಿ ಹೊಲಿದಿರುತ್ತೆ, ಮೇಲೆ ಯಾರಿಗೆ ಹೋಗಬೇಕು ಅಂತ ಮಾರ್ಕು ಹಾಕಿರುತ್ತಾರೆ. ದಾರಿಯಲ್ಲಿ ನಿಂತವರಿಗೆ ಒಳಗಿನ ಕಾಯಿ ಎಂಥದ್ದು ಅಂತ ಕಾಣಲ್ಲ. ಮೇಲಿನ ಮಾರ್ಕು ಮಾತ್ರ ಕಾಣುತ್ತೆ.

ಇಂಟರ್ನೆಟ್ ಕೂಡ ಈಗ ಹೀಗೇ ನಡೀತಿದೆ. ಬ್ಯಾಂಕು, ಗೂಗಲ್, ಸರ್ಕಾರಿ ವೆಬ್‌ಸೈಟು ಹೀಗೆ ಹೆಚ್ಚಿನ ಸೈಟ್‌ಗಳ ವಿಳಾಸ ‘ಎಚ್‌ಟಿಟಿಪಿಎಸ್’ ಅಂತ ಶುರುವಾಗುತ್ತೆ. ಅದೇ ಚೀಲದ ಹೊಲಿಗೆ. ನೀವು ಟೈಪ್ ಮಾಡಿದ ಪಾಸ್‌ವರ್ಡ್, ನೋಡಿದ ಬ್ಯಾಲೆನ್ಸ್ ನಿಮಗೂ ಆ ಬ್ಯಾಂಕಿಗೂ ಬಿಟ್ಟರೆ ನಡುವಿನವರಿಗೆ ಓದಲು ಬರಲ್ಲ. ವಾಟ್ಸ್‌ಆ್ಯಪ್ ಮೆಸೇಜ್‌ಗೂ ಅದರದೇ ಬೇರೆ ಹೊಲಿಗೆ ಇದೆ. ಆದರೆ ನಿಮಗೆ ಇಂಟರ್ನೆಟ್ ಕೊಡುವವರಿಗೆ, ಅಂದ್ರೆ ಜಿಯೊ, ಏರ್‌ಟೆಲ್, ಬಿಎಸ್‌ಎನ್‌ಎಲ್ ಅಥವಾ ಊರಿನ ಕೇಬಲ್‌ನವರಿಗೆ, ಮಾರ್ಕು ಕಾಣುತ್ತೆ. ಯಾವ ಸೈಟಿಗೆ ಹೋದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಡೇಟಾ ಬಳಸಿದಿರಿ ಅನ್ನೋದು ಅವರಿಗೆ ತಿಳಿಯಬಹುದು. ಸೈಟ್ ಒಳಗೆ ಏನು ಮಾಡಿದಿರಿ ಅನ್ನೋದು ತಿಳಿಯಲ್ಲ.

ವಿಪಿಎನ್ ಅಂದ್ರೆ ಇಡೀ ಲಾರಿಗೆ ಮೇಲಿಂದ ತಾಡಪತ್ರಿ ಹೊದಿಸಿದ ಹಾಗೆ. ಈಗ ಕೇಬಲ್‌ನವರಿಗೆ ಮಾರ್ಕೂ ಕಾಣಲ್ಲ. ‘ಇವರ ಲಾರಿ ಇಂಥ ವಿಪಿಎನ್ ಗೋದಾಮಿಗೆ ಹೋಯ್ತು’ ಅಂತ ಮಾತ್ರ ಗೊತ್ತಾಗುತ್ತೆ. ಆದರೆ ಆ ಗೋದಾಮಿನಲ್ಲಿ ತಾಡಪತ್ರಿ ತೆಗೆಯಲೇಬೇಕು, ಇಲ್ಲಾಂದ್ರೆ ಮಾಲು ಮುಂದೆ ಹೋಗಲ್ಲ. ಅಲ್ಲಿ ಕೂತವರಿಗೆ ಎಲ್ಲಾ ಮಾರ್ಕೂ ಕಾಣುತ್ತೆ. ಇಲ್ಲೀತನಕ ಕೇಬಲ್‌ನವರು ನೋಡಬಹುದಾಗಿದ್ದನ್ನು ಇನ್ಮುಂದೆ ವಿಪಿಎನ್ ಕಂಪನಿಯವರು ನೋಡಬಹುದು. ನೋಡುವವರು ಬದಲಾದರು, ಅಷ್ಟೇ. ಇಡೀ ಪ್ರಶ್ನೆ ನಿಂತಿರೋದು ಇದರ ಮೇಲೇ. ಎದುರಿಗೆ ಸಿಗುವ ಕೇಬಲ್‌ನವರನ್ನು ನಂಬ್ತೀರೋ, ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದ ಆ್ಯಪ್‌ನವರನ್ನು ನಂಬ್ತೀರೋ?

ಫ್ರೀ ವಿಪಿಎನ್‌ನವರಿಗೆ ದುಡ್ಡು ಎಲ್ಲಿಂದ ಬರುತ್ತೆ?

ದೇಶದೇಶಗಳಲ್ಲಿ ಸರ್ವರ್ ಇಟ್ಟು ನಡೆಸೋಕೆ ಖರ್ಚಿದೆ. ಗಿರಾಕಿ ದುಡ್ಡು ಕೊಡ್ತಿಲ್ಲ ಅಂದ್ರೆ ಬೇರೆ ಎಲ್ಲಿಂದಲೋ ಬರಲೇಬೇಕು. ಕೆಲವರು ದುಡ್ಡಿನ ಪ್ಲಾನಿಗೆ ಸ್ಯಾಂಪಲ್ ಅಂತ ಫ್ರೀ ಕೊಡ್ತಾರೆ, ಅದರಲ್ಲಿ ತಪ್ಪಿಲ್ಲ. ಉಳಿದವರ ಕಥೆ ಬೇರೆ.

ಫೇಸ್‌ಬುಕ್ ಕಂಪನಿಯದೇ ‘ಒನಾವೊ ಪ್ರೊಟೆಕ್ಟ್’ ಎಂಬ ಫ್ರೀ ವಿಪಿಎನ್ ಇತ್ತು. ನಿಮ್ಮ ಮಾಹಿತಿ ಕಾಪಾಡ್ತೀವಿ ಅಂತ ಪ್ರಚಾರ ಮಾಡಿ, ಜನ ಯಾವ ಆ್ಯಪ್ ಎಷ್ಟು ಬಳಸ್ತಾರೆ ಅನ್ನೋ ಮಾಹಿತಿಯನ್ನು ತನ್ನ ವ್ಯಾಪಾರಕ್ಕೆ ಬಳಸಿಕೊಂಡಿತು. 2019ರಲ್ಲಿ ಅದನ್ನು ಮುಚ್ಚಿದರು. ಇದೇ ವಿಚಾರಕ್ಕೆ 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಅದರ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಇನ್ನೊಂದು ಪ್ರಕರಣ ಇದಕ್ಕಿಂತ ಗಂಭೀರ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ‘911 ಎಸ್5’ ಎಂಬ ದೊಡ್ಡ ಜಾಲವನ್ನು ಬಂದ್ ಮಾಡಿಸಿತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್, ಶೈನ್‌ವಿಪಿಎನ್ ಮುಂತಾದ ಫ್ರೀ ವಿಪಿಎನ್‌ಗಳನ್ನು ಹಾಕಿಕೊಂಡವರ ಕಂಪ್ಯೂಟರ್‌ಗಳೇ ಈ ಜಾಲದ ಭಾಗವಾಗಿದ್ದವು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆಗೂ ಇವು ಒಳಗೆ ಬರ್ತಿದ್ದವು. ಸುಮಾರು 200 ದೇಶಗಳ 1 ಕೋಟಿ 90 ಲಕ್ಷ ಐಪಿ ವಿಳಾಸಗಳು ಹೀಗೆ ಸಿಕ್ಕಿಬಿದ್ದಿದ್ದವು ಅಂತ ಇಲಾಖೆ ಹೇಳಿತು. ವಂಚಕರು ದುಡ್ಡು ಕೊಟ್ಟು, ಬೇರೆಯವರ ಮನೆಯ ಇಂಟರ್ನೆಟ್ ಮೂಲಕ ತಮ್ಮ ಕೆಲಸ ಮಾಡ್ತಿದ್ದರು.

ಇದರ ಅರ್ಥ ಏನು? ಕಳ್ಳತನ ಮಾಡಿದವನು ಎಲ್ಲೋ ಇರ್ತಾನೆ, ದಾಖಲೆಯಲ್ಲಿ ಐಪಿ ವಿಳಾಸ ನಿಮ್ಮದಿರುತ್ತೆ. ಆ ವಿಳಾಸ ಹಿಡಿದು ಪೊಲೀಸರು ಮೊದಲು ಬರೋದು ನಿಮ್ಮ ಬಾಗಿಲಿಗೆ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿಸಿಕೊಂಡವರು ಈ ಮಾತನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಕಾನೂನು ಏನು ಹೇಳುತ್ತೆ?

ನಮ್ಮ ದೇಶದಲ್ಲಿ ವಿಪಿಎನ್ ಬಳಸೋದು ಅಪರಾಧ ಅಲ್ಲ. ಜಮ್ಮು-ಕಾಶ್ಮೀರದ ಕೆಲವು ಕಡೆ ಆಗಾಗ ತಾತ್ಕಾಲಿಕ ನಿಷೇಧದ ಆದೇಶ ಆಗಿದ್ದಿದೆ. ಹಾಗಂತ ವಿಪಿಎನ್ ಹಾಕಿಕೊಂಡು ಮಾಡಿದ ಅಪರಾಧಕ್ಕೆ ರಿಯಾಯಿತಿ ಏನೂ ಇಲ್ಲ.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ‘ಸರ್ಟ್-ಇನ್’ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ವಿಪಿಎನ್ ಕಂಪನಿಗಳು ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರ್, ಕೊಟ್ಟ ಐಪಿ ಮುಂತಾದ ವಿವರವನ್ನು ಗಿರಾಕಿ ಬಿಟ್ಟು ಹೋದ ಮೇಲೂ 5 ವರ್ಷ ಇಟ್ಟುಕೊಳ್ಳಬೇಕು. ನೌಕರರಿಗೆ ಕಂಪನಿಗಳು ಕೊಡುವ ಆಫೀಸ್ ವಿಪಿಎನ್‌ಗೆ ಇದು ಅನ್ವಯ ಆಗಲ್ಲ. ಈ ನಿಯಮ ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಅದೇ ವರ್ಷ ಭಾರತದಲ್ಲಿದ್ದ ಸರ್ವರ್‌ಗಳನ್ನು ಎತ್ತಿಕೊಂಡು ಹೋದವು. ಇನ್ನು ಇಂಟರ್ನೆಟ್ ಕೊಡುವ ಕಂಪನಿಗಳು ಕನಿಷ್ಠ 2 ವರ್ಷದ ದಾಖಲೆ ಇಟ್ಟಿರಬೇಕು ಅಂತ 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ಬದಲಿಸಿತ್ತು.

ಆದ್ದರಿಂದ ‘ನಾವು ಯಾವ ದಾಖಲೆಯನ್ನೂ ಇಡಲ್ಲ’ ಅಂತ ಆ್ಯಪ್‌ನವರು ಹೇಳಿದರೆ, ಅದನ್ನು ಹೊರಗಿನವರು ಬಂದು ಪರೀಕ್ಷೆ ಮಾಡಿದ್ದಾರಾ ಅಂತ ಕೇಳಬೇಕು. 2020ರಲ್ಲಿ ಯುಎಫ್‌ಒ ವಿಪಿಎನ್ ಸೇರಿ ಹಾಗೆ ಹೇಳಿಕೊಳ್ತಿದ್ದ ಏಳು ಆ್ಯಪ್‌ಗಳ ಗಿರಾಕಿಗಳ ದಾಖಲೆಗಳು ಬೀಗವಿಲ್ಲದ ಸರ್ವರ್‌ನಲ್ಲಿ ಸಿಕ್ಕಿದ್ದವು.

ವಿಪಿಎನ್ ತಡೆಯದ ಮೋಸಗಳು

ನಮ್ಮ ಕಡೆ ಜನ ದುಡ್ಡು ಕಳೆದುಕೊಳ್ಳೋ ದಾರಿಗಳನ್ನು ಒಂದೊಂದಾಗಿ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಮದುವೆ ಕರೆಯೋಲೆ’, ‘ಟ್ರಾಫಿಕ್ ದಂಡ’, ‘ಪಿಎಂ ಕಿಸಾನ್’ ಅಂತ ಬರುವ ಎಪಿಕೆ ಫೈಲ್ ಒತ್ತಿದರೆ ವಿಪಿಎನ್ ಇದ್ದರೂ ಅದು ಫೋನಿನ ಒಳಗೆ ಕೂರುತ್ತೆ. ಓಟಿಪಿಯನ್ನು ನಾವೇ ಬಾಯಿಬಿಟ್ಟು ಹೇಳಿದರೆ ಯಾವ ತಾಡಪತ್ರಿಯೂ ಅದನ್ನು ಮುಚ್ಚಲ್ಲ. ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸೋ ವಿಡಿಯೊ ಕಾಲ್, ಅಂಗಡಿ ಮುಂದಿನ ಕ್ಯೂಆರ್ ಕೋಡ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸೋದು, ಸುಳ್ಳು ಪೇಮೆಂಟ್ ಸ್ಕ್ರೀನ್ ತೋರಿಸಿ ಸಾಮಾನು ಒಯ್ಯೋದು, ಯಾವುದನ್ನೂ ವಿಪಿಎನ್ ತಡೆಯಲ್ಲ. ನಕಲಿ ಬ್ಯಾಂಕ್ ಸೈಟಿಗೂ ಎಚ್‌ಟಿಟಿಪಿಎಸ್ ಇರಬಹುದು. ಚೀಲ ಹೊಲಿದಿದೆ ಅಂದ ಮಾತ್ರಕ್ಕೆ ಒಳಗಿರೋದು ಒಳ್ಳೆ ಮಾಲು ಅಂತ ಅಲ್ಲವಲ್ಲ.

ಜಾಹೀರಾತು ಬೆನ್ನು ಹತ್ತೋದೂ ನಿಲ್ಲಲ್ಲ. ಗೂಗಲ್, ಫೇಸ್‌ಬುಕ್‌ಗೆ ನೀವು ಲಾಗಿನ್ ಆಗಿರೋದರಿಂದ ಐಪಿ ವಿಳಾಸ ಬದಲಾದರೂ ಅವರು ನಿಮ್ಮನ್ನು ಗುರುತು ಹಿಡೀತಾರೆ.

ತೊಂದರೆಯೂ ಇದೆ. ವಿಪಿಎನ್ ಆನ್ ಇದ್ದರೆ ಸ್ಪೀಡ್ ಕಡಿಮೆ ಆಗಬಹುದು. ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲ್ಲ. ಗಿರಾಕಿ ಕೌಂಟರ್ ಮುಂದೆ ನಿಂತಾಗ ಆ್ಯಪ್ ಕೈಕೊಟ್ಟರೆ ಏನಾಗುತ್ತೆ ಅಂತ ಅಂಗಡಿಯವರಿಗೆ ಹೇಳಬೇಕಿಲ್ಲ.

ಹಾಗಾದ್ರೆ ಯಾರಿಗೆ ಬೇಕು?

ಮನೆಯಿಂದ ಕಂಪನಿ ಕೆಲಸ ಮಾಡುವವರಿಗೆ ಕಂಪನಿಯವರೇ ವಿಪಿಎನ್ ಕೊಡ್ತಾರೆ. ಅದನ್ನು ಬಳಸಲೇಬೇಕು. ಯಾವ ಸೈಟ್ ನೋಡ್ತೀನಿ ಅಂತ ಇಂಟರ್ನೆಟ್ ಕೊಡುವವರಿಗೆ ತಿಳಿಯಬಾರದು ಅನ್ನುವವರು, ಬಸ್ ಸ್ಟ್ಯಾಂಡ್, ಲಾಡ್ಜ್ ವೈಫೈ ಹೆಚ್ಚು ಬಳಸುವವರು ದುಡ್ಡು ಕೊಟ್ಟು ಒಳ್ಳೆಯದನ್ನು ತಗೋಬಹುದು. ಅಂಗಡಿಯ ಸಿಸಿ ಕ್ಯಾಮೆರಾ ಡಿವಿಆರ್ ಅನ್ನು ಮನೆಯಿಂದ ನೋಡೋಕೆ ಅಂತ ನೇರವಾಗಿ ಇಂಟರ್ನೆಟ್‌ಗೆ ತೆರೆದು ಇಡೋದು ಅಪಾಯ. ಅದರ ಬದಲು ಅಂಗಡಿಯ ರೂಟರ್‌ನಲ್ಲೇ ವಿಪಿಎನ್ ಸೌಲಭ್ಯ ಇದ್ದರೆ, ಅದನ್ನು ಸೆಟ್ ಮಾಡಿಸಿ ಅದರ ಮೂಲಕ ನೋಡೋದು ಒಳ್ಳೆಯದು. ಇದಕ್ಕೆ ಹೊರಗಿನ ಕಂಪನಿಗೆ ದುಡ್ಡು ಕೊಡಬೇಕಿಲ್ಲ.

ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಕೆಲಸ

1. ರೂಟರ್‌ನ ಪಾಸ್‌ವರ್ಡ್ ‘ಅಡ್ಮಿನ್’ ಅಂತ ಹಳೆಯದೇ ಇದ್ದರೆ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ರೂಟರ್ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಬೇಕು. ಬರದಿದ್ದರೆ ಕನೆಕ್ಷನ್ ಕೊಟ್ಟವರನ್ನೇ ಕರೆದು ಮಾಡಿಸಿ. ಸಿಸಿ ಕ್ಯಾಮೆರಾಗೂ ಇದೇ ಮಾತು.

2. ವೈಫೈ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಗಿರಾಕಿಗಳಿಗೆ, ಬಂದವರಿಗೆ ಕೊಡೋಕೆ ಬೇರೆ ‘ಗೆಸ್ಟ್’ ವೈಫೈ ಇಡಿ.

3. ಫೋನ್, ಕಂಪ್ಯೂಟರ್, ರೂಟರ್ ಅಪ್‌ಡೇಟ್ ಬಂದಾಗ ಮುಂದೂಡಬೇಡಿ.

4. ಜಿಮೇಲ್, ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಬೀಗ, ಅಂದ್ರೆ ಟೂ ಸ್ಟೆಪ್ ವೆರಿಫಿಕೇಶನ್, ಹಾಕಿ.

5. ಆ್ಯಪ್ ಪ್ಲೇಸ್ಟೋರ್‌ನಿಂದ ಮಾತ್ರ ಹಾಕಿ. ಎಪಿಕೆ ಫೈಲ್ ಕಳಿಸಿದವರು ಸ್ವಂತ ತಮ್ಮನೇ ಆಗಿದ್ದರೂ ಒತ್ತಬೇಡಿ. ಅವರ ಫೋನ್ ಹ್ಯಾಕ್ ಆಗಿರಬಹುದು.

6. ದುಡ್ಡು ಬರೋಕೆ ಯುಪಿಐ ಪಿನ್ ಬೇಕಿಲ್ಲ. ಪಿನ್ ಕೇಳಿದರೆ ದುಡ್ಡು ಹೋಗ್ತಿದೆ ಅಂತಲೇ ಅರ್ಥ.

7. ಫೋನಿನಲ್ಲಿ ಹಳೇ ಫ್ರೀ ವಿಪಿಎನ್ ಯಾವುದಾದರೂ ಇದ್ದರೆ ತೆಗೆದುಹಾಕಿ. ಮಕ್ಕಳು ಗೇಮಿಗೆ, ಸಿನಿಮಾಕ್ಕೆ ಅಂತ ಹಾಕಿರ್ತಾರೆ, ಅವರ ಫೋನನ್ನೂ ಒಮ್ಮೆ ನೋಡಿ.

ಮೋಸ ಆಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಎಷ್ಟು ಬೇಗ ಹೇಳ್ತೀರೋ ಅಷ್ಟು ದುಡ್ಡು ಮುಂದಿನ ಅಕೌಂಟಿಗೆ ಹೋಗದಂತೆ ತಡೆಹಿಡಿಯೋಕೆ ಅವಕಾಶ ಇರುತ್ತೆ. ಬೆಳಿಗ್ಗೆ ನೋಡೋಣ, ಮನೆಯಲ್ಲಿ ಕೇಳೋಣ ಅಂತ ಕೂರಬೇಡಿ. ನಾಚಿಕೆಪಡುವಂಥದ್ದೂ ಏನಿಲ್ಲ.