ರೂಪಾಯಿಗೆ ಆರು ಪೈಸೆ: ಊರಿನ ಗ್ರಂಥಾಲಯದ ತಿಂಗಳ ಲೆಕ್ಕ

ಗ್ರಾಮ ಪಂಚಾಯತ್‌ನಲ್ಲಿ ಮನೆ ತೆರಿಗೆ ಕಟ್ಟಿದಾಗ ಕೊಡುವ ರಸೀದಿಯನ್ನು ಮಡಚಿ ಕಪಾಟಿಗೆ ಸೇರಿಸುವ ಮುಂಚೆ ಒಮ್ಮೆ ಪೂರ್ತಿ ಓದಬೇಕು. ತೆರಿಗೆಯ ಮೇಲೆ ಕೂಡುವ ಉಪಕರಗಳು ಅದರಲ್ಲಿರುತ್ತವೆ: ಆರೋಗ್ಯ ಕರ ನೂರಕ್ಕೆ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಮನೆ ತೆರಿಗೆ 800 ರೂಪಾಯಿ ಆಗಿದ್ದರೆ ಅದರ ಜೊತೆಗೆ ಗ್ರಂಥಾಲಯಕ್ಕೆಂದೇ 48 ರೂಪಾಯಿ ಕೊಟ್ಟಂತಾಯಿತು. ಒಂದು ಪುಸ್ತಕವನ್ನೂ ಎರವಲು ತಾರದ ಮನೆಯವರು ಕೂಡ ಇದನ್ನು ಕೊಡುತ್ತಾರೆ. ಹಾಗಾಗಿ ಊರಿನ ಗ್ರಂಥಾಲಯವನ್ನು ಸರಕಾರ ಕೊಟ್ಟ ಉಪಕಾರವೆಂದು ಭಾವಿಸಿ ಬಾಗಿಲಲ್ಲಿ ಹಿಂಜರಿದು ನಿಲ್ಲಬೇಕಾಗಿಲ್ಲ. ಅದು ಊರವರ ದುಡ್ಡಿನ ಸಂಸ್ಥೆ. ಅಲ್ಲಿ ತಿಂಗಳು ತಿಂಗಳು ಏನು ನಡೆಯಬೇಕು ಎಂದು ಕೇಳುವ ಹಕ್ಕೂ ಊರವರದೇ.

ಉದಾಹರಣೆಗೆ ಉಡುಪಿ ಜಿಲ್ಲೆಯ ನಂದಿಕೂರನ್ನೇ ನೋಡಿ. ಹೊರಗಿನವರಿಗೆ ನಂದಿಕೂರು ಎಂದರೆ ಪಕ್ಕದ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ, ಕೈಗಾರಿಕಾ ಪ್ರದೇಶ, ಮುಲ್ಕಿ ದಾಟಿದ ಮೇಲೆ ಸಿಗುವ ಕೊಂಕಣ ರೈಲಿನ ಸಣ್ಣ ನಿಲ್ದಾಣ. ಒಳಗಿನವರಿಗೆ ಅದು ಪಲಿಮಾರು ಪಂಚಾಯತ್‌ಗೆ ಸೇರಿದ, ಪಡುಬಿದ್ರಿ–ಕಾರ್ಕಳ ರಸ್ತೆಯಲ್ಲಿರುವ ಊರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಕಾರ್ಖಾನೆಗಳ ಬಳಿ ಉತ್ತರದಿಂದ ಬಂದ ಕೆಲಸಗಾರರ ಹಿಂದಿ. ಇಷ್ಟು ಬಗೆಯ ಓದುಗರು ಇರುವ ಕಡೆ ಗ್ರಂಥಾಲಯ ನಡೆಸುವುದು ಕಷ್ಟದ ಕೆಲಸ. ಆದರೆ ಗ್ರಂಥಾಲಯ ನಿಜವಾಗಿ ಬೇಕಾಗಿರುವುದೂ ಇಂಥ ಕಡೆಯೇ.

ಗ್ರಂಥಾಲಯ ಕರ ನಮ್ಮ ಕರಾವಳಿಗೆ ಬಂದದ್ದು ಮೈಸೂರಿನ ಕಡೆಯಿಂದ ಅಲ್ಲ, ಮದ್ರಾಸಿನಿಂದ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು; ಇಂದಿನ ಉಡುಪಿ ಜಿಲ್ಲೆ ಅದರೊಳಗೇ ಇತ್ತು. 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅದು. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈ, ಅಂದರೆ ಅರ್ಧ ಆಣೆ ಕರ. ಅದರ ಹಿಂದೆ ಇದ್ದವರು ಎಸ್. ಆರ್. ರಂಗನಾಥನ್. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾಗುವ ಮೊದಲು ಅವರು ಗಣಿತದ ಮೇಷ್ಟ್ರು. ಮೇಷ್ಟ್ರ ಕೆಲಸ ಶುರು ಮಾಡಿದ್ದು 1917ರಲ್ಲಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಈಗ ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾಲಯ ಕಾಲೇಜು ಎಂದು ಕರೆಯುವುದು ಅದನ್ನೇ. ನಮ್ಮ ಜಿಲ್ಲೆಯ ಪಠ್ಯಪುಸ್ತಕಗಳಲ್ಲಿ ಈ ಸಂಗತಿಗೆ ಒಂದು ಸಾಲಾದರೂ ಸಿಗಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮೈಸೂರು ರಾಜ್ಯ ತನ್ನದೇ ಕಾಯ್ದೆ ಮಾಡಿದ್ದು 1965ರಲ್ಲಿ. ಮರುವರ್ಷ ಅದು ಜಾರಿಗೆ ಬಂದು, 1966ರ ನವೆಂಬರ್ 1ರಂದು ಸಾರ್ವಜನಿಕ ಗ್ರಂಥಾಲಯ ಇಲಾಖೆ ಹುಟ್ಟಿತು. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ರೂಪಾಯಿಗೆ ಆರು ಪೈಸೆ ಎಂಬ ಈಗಿನ ದರ ಈ ಕಾಯ್ದೆಯದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹಳ್ಳಿಗಾಡಿಗೆಂದೇ ಗ್ರಂಥಾಲಯ ಜಿಲ್ಲೆಗಳಿವೆ; ಆಸ್ತಿಯ ಬೆಲೆಯ ಮೇಲೆ ಸಣ್ಣ ತೆರಿಗೆ ಹಾಕಿ ಅವು ತಮ್ಮ ಖರ್ಚು ತಾವೇ ನೋಡಿಕೊಳ್ಳುತ್ತವೆ. ತತ್ತ್ವ ಎರಡೂ ಕಡೆ ಒಂದೇ: ಓದುಗನ ಮುಂದೆ ಕೈ ಚಾಚದೆ, ಊರಿನ ಆಸ್ತಿಯ ಒಂದು ಪಾಲಿನಿಂದ ಪುಸ್ತಕ ತರುವುದು. ಗಡಿಯಾಚೆಯ ಕಾಸರಗೋಡಿನಲ್ಲಿ ದಾರಿ ಸ್ವಲ್ಪ ಬೇರೆ. ಅಲ್ಲಿ ಊರವರೇ ಸದಸ್ಯರಾಗಿ ಸಮಿತಿ ಕಟ್ಟಿ ಗ್ರಂಥಾಲಯ ನಡೆಸುತ್ತಾರೆ, ಕೇರಳದ ಗ್ರಂಥಾಲಯ ಮಂಡಳಿ ಅನುದಾನ ಕೊಡುತ್ತದೆ. ಸಮಿತಿಯವರು ಸೇರಿ ಮಾತಾಡುವುದರಿಂದ ಕಾರ್ಯಕ್ರಮಗಳು ತಾವಾಗಿಯೇ ಹುಟ್ಟುತ್ತವೆ. ನಮ್ಮಲ್ಲಿ ಹಣದ ದಾರಿ ಗಟ್ಟಿ. ಊರವರ ಕೂಟ ಇನ್ನೂ ಕಟ್ಟಬೇಕಾದದ್ದು.

ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯತ್‌ಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿತು. 20ನೆಯದು ಗ್ರಂಥಾಲಯ. ಕರ್ನಾಟಕದಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದದ್ದು 2019ರಲ್ಲಿ. 2020ರ ನವೆಂಬರ್ 14ರಂದು, ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಮೇಲ್ವಿಚಾರಕರು ಜೋಳಿಗೆ ಹಿಡಿದು ಮನೆಮನೆಯಿಂದ ಪುಸ್ತಕ ಕೇಳಿ ತಂದರು, ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರ್, ಟಿವಿ ಬಂದವು. ಈಗ ಬೋರ್ಡಿನ ಮೇಲೆ ಇರುವ ಹೆಸರು ‘ಅರಿವು ಕೇಂದ್ರ’. ಉಡುಪಿ ಜಿಲ್ಲೆಯಲ್ಲಿ ಒಂದೂವರೆ ನೂರಕ್ಕೂ ಹೆಚ್ಚು ಪಂಚಾಯತ್‌ಗಳಿವೆ. ಅಂದರೆ ಕೈಗೆಟಕುವ ಅಂತರದಲ್ಲಿ ಅಷ್ಟು ಓದುವ ಕೋಣೆಗಳು ಇರಬೇಕು.

ಈ ಕೋಣೆ ನಡೆಯುವ ಬಗೆ ನೋಡೋಣ. ಇಲ್ಲಿ ಮೇಲ್ವಿಚಾರಕ ಎಂಬ ಒಬ್ಬರೇ ಎಲ್ಲ. ಬೆಳಿಗ್ಗೆ ಬಾಗಿಲು ತೆಗೆದು, ಗುಡಿಸಿ, ಪತ್ರಿಕೆಗಳನ್ನು ಜೋಡಿಸುವುದರಿಂದ ಅವರ ದಿನ ಶುರು. ಹೊಸ ಪುಸ್ತಕ ಬಂದರೆ ಮೊದಲು ದಾಖಲಾತಿ ವಹಿಯಲ್ಲಿ ಏರಬೇಕು: ಕ್ರಮಸಂಖ್ಯೆ, ದಿನಾಂಕ, ಲೇಖಕ, ಹೆಸರು, ಪ್ರಕಾಶಕ, ಬೆಲೆ, ಎಲ್ಲಿಂದ ಬಂತು. ಅದೇ ಸಂಖ್ಯೆ ಪುಸ್ತಕದ ಒಳಪುಟದಲ್ಲಿ, ಮೊಹರಿನ ಪಕ್ಕ. ಬೆನ್ನಿಗೆ ಚೀಟಿ. ಆಮೇಲಷ್ಟೇ ಕಪಾಟು. ಎರವಲು ಕೊಡುವ ವಹಿ ಬೇರೆ, ಸದಸ್ಯರ ವಹಿ ಬೇರೆ, ದಿನಾ ಬಂದವರು ಸಹಿ ಹಾಕುವ ವಹಿ ಬೇರೆ. ಕೂತು ಓದಲು ಸದಸ್ಯರಾಗಿರಬೇಕೆಂದಿಲ್ಲ, ಸಹಿ ಹಾಕಿದರೆ ಸಾಕು. ಆ ಸಹಿಯನ್ನು ಮರೆಯದೆ ಹಾಕಿ. ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಪಂಚಾಯತ್ ಕಡೆ ಇರುವ ಲಿಖಿತ ಸಾಕ್ಷಿ ಅದು. ದೀರ್ಘಕಾಲ ಬರೀ ಗೌರವಧನದ ಮೇಲೆ ಈ ಕೆಲಸ ಮಾಡಿಕೊಂಡು ಬಂದ ಮೇಲ್ವಿಚಾರಕರ ಮೇಲೆ ಈಗ ಕಂಪ್ಯೂಟರ್ ಕಲಿಸುವ, ಫೋಟೋ ತೆಗೆದು ವರದಿ ಕಳಿಸುವ ಹೊರೆಯೂ ಬಿದ್ದಿದೆ. ಅವರಿಗೆ ಸರಿಯಾದ ಸಂಬಳ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಉಳಿದ ಯಾವ ಯೋಜನೆಯೂ ಬಾಳುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದು ಕೆಲಸವಿದೆ, ಬಯಲುಸೀಮೆಯವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ದಾಟುವ ಮಳೆ ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಬೆವರುತ್ತವೆ. ಪುಸ್ತಕದ ರಟ್ಟಿನ ಮೇಲೆ ಮೊದಲು ಬಿಳಿ ಪುಡಿ ಹರಡಿದಂತೆ ಕಾಣುತ್ತದೆ, ವಾರ ಬಿಟ್ಟರೆ ಅದು ಹಸಿರುಗಪ್ಪು ಬೂಸ್ಟು. ಗೆದ್ದಲು ನೆಲದಿಂದ ಗೋಡೆ ಹಿಡಿದು ಮರದ ಕಪಾಟಿನ ಹಿಂಬದಿಗೆ ಬರುತ್ತದೆ. ಮುಂದೆ ನಿಂತು ನೋಡಿದರೆ ಪುಸ್ತಕಗಳ ಸಾಲು ಸರಿಯಾಗಿಯೇ ಇರುತ್ತದೆ, ಒಂದನ್ನು ಎಳೆದಾಗ ಬರೀ ಬೆನ್ನು ಕೈಗೆ ಬರುತ್ತದೆ. ಉಪಾಯ ದೊಡ್ಡದಲ್ಲ. ಕಪಾಟು ಕಬ್ಬಿಣದ್ದಿರಲಿ, ಗೋಡೆಯಿಂದ ಒಂದು ಗೇಣು ದೂರ ಇರಲಿ, ಪುಸ್ತಕಗಳನ್ನು ಒತ್ತಿ ತುರುಕದೆ ನಡುವೆ ಗಾಳಿ ಆಡಲು ಬಿಡಿ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಅಕ್ಟೋಬರ್‌ನಲ್ಲಿ ಒಮ್ಮೆ ಎಲ್ಲವನ್ನೂ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗಿಟ್ಟು ಒಣಬಟ್ಟೆಯಲ್ಲಿ ಒರೆಸಬೇಕು. ಇದನ್ನೇ ಮಕ್ಕಳ ಕಾರ್ಯಕ್ರಮ ಮಾಡಿಬಿಡಬಹುದು. ಒರೆಸುವಾಗ ಪುಟ ತೆರೆಯದ ಮಗು ಇರುವುದಿಲ್ಲ, ಎಷ್ಟೋ ಪುಸ್ತಕಗಳಿಗೆ ಮೊದಲ ಓದುಗ ಸಿಗುವುದೇ ಆ ದಿನ.

ಇನ್ನು ತಿಂಗಳ ಕಾರ್ಯಕ್ರಮ. ಸಾಮಾನ್ಯವಾಗಿ ಇದು ಜಯಂತಿಗಳ ಪಟ್ಟಿಯಾಗುತ್ತದೆ: ಆಗಸ್ಟ್ 12 ಗ್ರಂಥಪಾಲಕರ ದಿನ, ಅಕ್ಟೋಬರ್ 10 ಶಿವರಾಮ ಕಾರಂತರ ಹುಟ್ಟುಹಬ್ಬ, ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಇವು ಬೇಡವೆಂದಲ್ಲ. ಆದರೆ ಫೋಟೋಕ್ಕೆ ಹಾರ ಹಾಕಿ, ಎರಡು ಮಾತಾಡಿ, ಚಹಾ ಕುಡಿದರೆ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ. ಕಾರಂತರು ಹುಟ್ಟಿದ ಕೋಟದ ಪಕ್ಕದಲ್ಲಿ ಕೋಟತಟ್ಟು ಗ್ರಾಮ ಪಂಚಾಯತ್ ಅವರ ಹೆಸರಿನಲ್ಲಿ ಥೀಮ್ ಪಾರ್ಕ್ ಕಟ್ಟಿ, ವರ್ಷ ವರ್ಷ ಹುಟ್ಟೂರ ಪ್ರಶಸ್ತಿ ಕೊಡುತ್ತ ಬಂದಿದೆ. ಸಾಹಿತ್ಯದ ಕೆಲಸವನ್ನು ಪಂಚಾಯತ್ ಹೊರಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಇರುವ ಉದಾಹರಣೆ ಇದು. ಅಕ್ಟೋಬರ್ 10ರಂದು ಹಾರದ ಬದಲು ಕಾರಂತರ ‘ಬಾಲ ಪ್ರಪಂಚ’ದಿಂದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಅದರಲ್ಲಿರುವ ಯಾವ ಸಂಗತಿ ಇಂದು ಬದಲಾಗಿದೆ ಎಂದು ಮಕ್ಕಳಿಂದಲೇ ಹುಡುಕಿಸಿದರೆ ಒಂದು ಸಂಜೆ ಸಾಲದು.

ಗಟ್ಟಿಯಾಗಿ ಓದುವ ವಿಷಯಕ್ಕೆ ಇನ್ನೊಂದಿಷ್ಟು ಹೊತ್ತು ಕೊಡಬೇಕು. ಉಡುಪಿ, ದಕ್ಷಿಣ ಕನ್ನಡದ ಸಾವಿರಾರು ಮನೆಗಳು ಬೀಡಿಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿವೆ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವ ಅಮ್ಮನ ಕೈಗೆ ಪುಸ್ತಕ ಹಿಡಿಯಲು ಬಿಡುವಿಲ್ಲ, ಕಿವಿಗಳಿಗೆ ಬಿಡುವಿದೆ. ಇದನ್ನು ಹವಾನಾದ ಚುಟ್ಟಾ ಕಾರ್ಖಾನೆಗಳ ಕೆಲಸಗಾರರು 1865ರಲ್ಲೇ ಕಂಡುಕೊಂಡಿದ್ದರು. ತಮ್ಮ ಕೂಲಿಯಿಂದಲೇ ಹಣ ಒಟ್ಟು ಮಾಡಿ ಒಬ್ಬನನ್ನು ಎತ್ತರದ ಪೀಠದ ಮೇಲೆ ಕೂರಿಸಿ, ಪತ್ರಿಕೆ, ಕಾದಂಬರಿ ಓದಿಸಿ ಕೇಳುತ್ತಿದ್ದರು. ಕಣ್ಣೂರಿನ ಬೀಡಿ ಕಾರ್ಮಿಕರಲ್ಲೂ ಒಬ್ಬರು ಪತ್ರಿಕೆ ಓದಿ ಹೇಳುವ, ಉಳಿದವರು ಕಟ್ಟುತ್ತ ಕೇಳುವ ರೂಢಿ ಇತ್ತು. ನಮ್ಮಲ್ಲಿ ಬೀಡಿ ಕಟ್ಟುವುದು ಮನೆಯ ಜಗಲಿಯಲ್ಲಿ. ಹಾಗಾಗಿ ಓದುವವರೂ ಮನೆಯವರೇ ಆಗಬೇಕು. ಐದನೆಯ ತರಗತಿಯ ಹುಡುಗಿ ಗ್ರಂಥಾಲಯದಿಂದ ತನಗೊಂದು, ಅಮ್ಮನಿಗೊಂದು ಪುಸ್ತಕ ಒಯ್ದು, ಸಂಜೆ ಅರ್ಧ ಗಂಟೆ ಅಮ್ಮನಿಗೆ ಓದಿ ಹೇಳಲಿ. ಓದುವಾಗ ಕನ್ನಡ, ನಡುವೆ ಅರ್ಥ ಕೇಳುವುದು ಹೇಳುವುದು ತುಳುವಿನಲ್ಲಿ. ಆ ಹುಡುಗಿಯ ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋರುವುದಿಲ್ಲ. ತಿಂಗಳ ಕೊನೆಯ ಶನಿವಾರ ಸ್ವಸಹಾಯ ಗುಂಪಿನ ಸಭೆ ಗ್ರಂಥಾಲಯದಲ್ಲೇ ಸೇರಿ, ಕೇಳಿದ ಕತೆ ಯಾವುದು, ಮುಂದಿನ ತಿಂಗಳು ಯಾವುದು ಬೇಕು ಎಂದು ಅಮ್ಮಂದಿರು ಹೇಳಿದರೆ ಪುಸ್ತಕದ ಆಯ್ಕೆಯೂ ಅಲ್ಲೇ ಆಯಿತು.

ಆಯ್ಕೆಯ ಮಾತು ಏಕೆ ಮುಖ್ಯ ಎಂದರೆ, ಹೊಸ ಪುಸ್ತಕ ತಾನಾಗಿ ಹಳ್ಳಿಗೆ ಬರುವುದು ಕಡಿಮೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಒಂದು ಹೆಸರಿನ ಪುಸ್ತಕ ಕೊಳ್ಳುತ್ತ ಬಂದದ್ದು ಹೆಚ್ಚೆಂದರೆ 300 ಪ್ರತಿ. ರಾಜ್ಯದ ಗ್ರಾಮ ಪಂಚಾಯತ್‌ಗಳು 5,900ಕ್ಕೂ ಹೆಚ್ಚು. ಅಷ್ಟನ್ನೂ ಹಳ್ಳಿಗೇ ಹಂಚಿದರೂ ಸುಮಾರು ಇಪ್ಪತ್ತು ಊರಿಗೆ ಒಂದು ಪ್ರತಿ. ಕರದ ಹಣ ಪಂಚಾಯತ್‌ನಲ್ಲಿ ಲೆಕ್ಕಕ್ಕೆ ಸಿಗುವಂತಿದ್ದು, ಊರವರು ಪಟ್ಟಿ ಕೊಟ್ಟರೆ ಆ ಕೊರತೆ ಸ್ವಲ್ಪ ತುಂಬುತ್ತದೆ. ನನ್ನನ್ನು ಕೇಳಿದರೆ ನಂದಿಕೂರಿನ ಕಡೆಯ ಪಟ್ಟಿಯಲ್ಲಿ ಮೂರು ಬಗೆ ಇರಲೇಬೇಕು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಏಕೆಂದರೆ ಯುವಕರು ಅದಕ್ಕೇ ಬರುವುದು. ಯಕ್ಷಗಾನದ ಪ್ರಸಂಗ ಪುಸ್ತಕ: ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನ ಅಚ್ಚು ಹಾಕಿದ ಪ್ರಸಂಗಗಳನ್ನು ಇಟ್ಟುಕೊಂಡು ಆಟಕ್ಕೆ ಹೋಗುತ್ತಿದ್ದ ತಲೆಮಾರು ಇನ್ನೂ ಇದೆ, ಅವರನ್ನು ಕರೆಯಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಮೂರನೆಯದು ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ‘ತುಳು ನಿಘಂಟು’. ಅದರಲ್ಲಿ ತಮ್ಮ ಅಜ್ಜಿಯ ಮಾತು ಅಚ್ಚಾಗಿರುವುದನ್ನು ಮಕ್ಕಳು ನೋಡಬೇಕು.

ಪಂಚಾಯತ್‌ಗೆ ಒಂದೇ ಗ್ರಂಥಾಲಯ, ಅದರ ವ್ಯಾಪ್ತಿಯಲ್ಲಿ ಒಂದಕ್ಕಿಂತ ಹೆಚ್ಚು ಗ್ರಾಮ. ಲಾರಿಗಳು ಓಡುವ ಕಾರ್ಕಳ ರಸ್ತೆಯನ್ನು ದಾಟಿ ಏಳು ವರ್ಷದ ಮಗು ಒಂಟಿಯಾಗಿ ಬರಲಿ ಎನ್ನಲಾಗದು. ಪುಸ್ತಕವೇ ಅತ್ತ ಹೋಗಬೇಕು. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಗೆ ಕಪಾಟು ಕಟ್ಟಿ ಹಳ್ಳಿ ಹಳ್ಳಿಗೆ ಪುಸ್ತಕ ಒಯ್ದಿದ್ದರು. ಇಂದು ಅಷ್ಟೂ ಬೇಡ. ಐವತ್ತು ಪುಸ್ತಕದ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಅಂಟಿಸಿದ ಪಟ್ಟಿ. ತಿಂಗಳ ಮೊದಲ ವಾರ ಒಂದು ಶಾಲೆಗೆ, ಮುಂದಿನ ತಿಂಗಳು ಒಂದು ಅಂಗನವಾಡಿಗೆ ಅಥವಾ ಭಜನಾ ಮಂದಿರಕ್ಕೆ. ಪೆಟ್ಟಿಗೆ ಹಿಂದಿರುಗಿದಾಗ ಯಾವ ಪುಸ್ತಕ ಕೊಳೆಯಾಗಿದೆ ಎಂದು ನೋಡಿ. ಹೆಚ್ಚು ಕೊಳೆಯಾದದ್ದರ ಇನ್ನೆರಡು ಪ್ರತಿ ತರಿಸಬೇಕು.

ಇವನ್ನೆಲ್ಲ ಕೇಳುವ ಜಾಗ ಗ್ರಾಮಸಭೆ. ಅದಕ್ಕಿಂತ ಮುಂಚೆ ಮಕ್ಕಳ ಗ್ರಾಮಸಭೆ. ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯತ್‌ಗಳು ನಡೆದು, ಮುಂದೆ ರಾಜ್ಯದ ಎಲ್ಲ ಪಂಚಾಯತ್‌ಗಳೂ ವರ್ಷಕ್ಕೊಮ್ಮೆ ಮಕ್ಕಳ ಸಭೆ ಕರೆಯಬೇಕೆಂಬ ಕ್ರಮ ಬಂತು. ಸಾಮಾನ್ಯವಾಗಿ ನವೆಂಬರ್ ನಂತರ ಇದು ನಡೆಯುತ್ತದೆ. ರಸ್ತೆ, ಶೌಚಾಲಯ, ಆಟದ ಮೈದಾನದ ಜೊತೆಗೆ ಮಕ್ಕಳು ಅಲ್ಲಿ ಇನ್ನೂ ನಾಲ್ಕು ಪ್ರಶ್ನೆ ಕೇಳಬಹುದು: ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಅದರಲ್ಲಿ ಪುಸ್ತಕಕ್ಕೆ ಎಷ್ಟು ಹೋಯಿತು, ಬಾಗಿಲು ಯಾವ ದಿನ, ಎಷ್ಟು ಹೊತ್ತು ತೆರೆದಿರುತ್ತದೆ, ಮತ್ತು ಪುಸ್ತಕದ ಪೆಟ್ಟಿಗೆ ನಮ್ಮ ಶಾಲೆಗೆ ಯಾವ ತಿಂಗಳು ಬರುತ್ತದೆ. ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಬೇಕು.