ತೊಗಲು ಗೊಂಬೆಗೆ ಕಣ್ಣು ಬರುವ ಹೊತ್ತು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನವಿರುವುದು ಇತಿಹಾಸ ಓದಿದವರಿಗೆ ಗೊತ್ತು. ಸುತ್ತಲಿನ ಹಳ್ಳಿಗರಿಗೆ ಮಾತ್ರ ಅದು ಮೊದಲಿಗೆ ರಾವಣನೊಡನೆ ಹೋರಾಡಿ ಜಟಾಯು ಬಿದ್ದ ಬೆಟ್ಟ. ಈ ಕಥೆ ಜನರ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ನಿಂತದ್ದು ಪುರಾಣ ಪ್ರವಚನದಿಂದಷ್ಟೇ ಅಲ್ಲ. ಊರ ಬಯಲಲ್ಲಿ ಬಿಳಿ ಪಂಚೆ ಕಟ್ಟಿ, ಹಿಂದೆ ದೀಪವಿಟ್ಟು, ಬೆಳತನಕ ರಾಮಾಯಣ ಆಡಿಸುತ್ತಿದ್ದ ಕಿಳ್ಳೇಕ್ಯಾತರ ಪಾಲೂ ಅದರಲ್ಲಿದೆ. ಶಿಳ್ಳೇಕ್ಯಾತರೆಂದೂ ಕರೆಸಿಕೊಳ್ಳುವ ಈ ಜನರ ಮನೆಮಾತು ಮರಾಠಿಗೆ ಹತ್ತಿರದ್ದು. ಆಟದ ಮಾತು ಮಾತ್ರ ಅಚ್ಚ ಕನ್ನಡ. ಮಳೆ ಕೈಕೊಟ್ಟ ವರ್ಷ ಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಕರ್ನಾಟಕದ ಹಲವು ಕಡೆ ಇದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಚಳ್ಳಕೆರೆ ಕಡೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕದ ತೊಗಲು ಗೊಂಬೆಗಳಲ್ಲಿ ಗಾತ್ರಕ್ಕೂ ಅಂತಸ್ತಿಗೂ ನಂಟಿದೆ. ದೇವರು, ರಾಜರು ದೊಡ್ಡವರು. ಆಳುಕಾಳುಗಳು, ಸಾಮಾನ್ಯರು ಚಿಕ್ಕವರು. ಒಂದೇ ತೊಗಲಿನಲ್ಲಿ ಇಡೀ ದೃಶ್ಯವನ್ನೇ ಕೊರೆದ ಗೊಂಬೆಗಳೂ ಇವೆ. ಅಂಥವುಗಳಲ್ಲಿ ಒಬ್ಬೊಬ್ಬರ ಮುಖ ಹೆಬ್ಬೆರಳಿನಷ್ಟೂ ಇರುವುದಿಲ್ಲ. ಆದರೂ ದೀಪದ ಮುಂದೆ ಹಿಡಿದರೆ ಆ ಮುಖ ಯಾರನ್ನೋ ನೋಡುತ್ತಿದೆ ಅನ್ನಿಸುತ್ತದೆ. ಇದು ಹೇಗೆ?

ಗೊಂಬೆಯ ಮುಖ ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿರುತ್ತದೆ. ಪಕ್ಕದಿಂದ ನೋಡಿದರೆ ನಿಜವಾದ ಕಣ್ಣು ಅರ್ಧ ಮಾತ್ರ ಕಾಣಬೇಕು. ಗೊಂಬೆಯ ಕಣ್ಣೋ ಮೀನಿನಂತೆ ಪೂರ್ತಿಯಾಗಿ ಎದುರಿಗಿರುತ್ತದೆ. ಅಂಗರಚನೆಯ ಲೆಕ್ಕದಲ್ಲಿ ಇದು ತಪ್ಪು. ಆಟದ ಲೆಕ್ಕದಲ್ಲಿ ಇದೇ ಸರಿ. ರಾವಣನ ಮುಖ ಸೀತೆಯ ಕಡೆಗಿರಬೇಕು, ನೋಟ ಮಾತ್ರ ಚಾಪೆಯ ಮೇಲೆ ಕೂತ ಪ್ರೇಕ್ಷಕನಿಗೂ ತಗಲಬೇಕು.

ಮುಖ್ಯ ಜಾಣ್ಮೆ ಇರುವುದು ಬೆಳಕಿನಲ್ಲಿ. ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದರೆ ಅದು ಬೆಳಕು ಹಾಯುವ ಹಾಳೆಯಾಗುತ್ತದೆ. ಅದರ ಎರಡೂ ಬದಿಗೆ ಬಣ್ಣ ಹಾಕಿ, ಸಣ್ಣ ಉಳಿಗಳಿಂದ ಒಡವೆ, ಉಡುಪಿನ ತೂತುಗಳನ್ನು ಹೊಡೆಯುತ್ತಾರೆ. ಈಗ ಕಣ್ಣಿನ ಬಿಳಿಗೆ ಬಿಳಿ ಬಣ್ಣವನ್ನೇ ಬಳಿದರೆ ಏನಾಗುತ್ತದೆ? ಸುಣ್ಣದಂಥ ಬಿಳಿ ಬಣ್ಣ ಬೆಳಕನ್ನು ತಡೆಯುತ್ತದೆ. ಪರದೆಯ ಆಚೆ ಕೂತವನಿಗೆ ಆ ಜಾಗ ಕಪ್ಪಾಗಿ ಕಂಡು ಗೊಂಬೆ ಕುರುಡಾಗುತ್ತದೆ. ಆದ್ದರಿಂದ ಇಲ್ಲಿ ಬಿಳಿ ಎಂದರೆ ಬಣ್ಣ ಹಾಕದೆ ಬಿಟ್ಟ ಜಾಗ. ಬರಿ ತೊಗಲಿನ ಮೂಲಕ ದೀಪವೇ ಕಣ್ಣಿನ ಬಿಳಿಯಾಗಿ ಬರುತ್ತದೆ. ನಡುವಿನ ಕಪ್ಪು ಬೊಟ್ಟು ಅದನ್ನು ತಡೆದು ಪಾಪೆಯಾಗುತ್ತದೆ. ಎಣ್ಣೆ ದೀಪದ ಕಾಲದಲ್ಲಿ ಕುಡಿ ಅಲುಗಿದಾಗೆಲ್ಲ ಆ ಬಿಳಿಯೂ ಅಲುಗುತ್ತಿತ್ತು, ನೋಟ ಕದಲಿದಂತೆ ಕಾಣುತ್ತಿತ್ತು. ವಿದ್ಯುತ್ ಬಲ್ಬು ಬಂದಮೇಲೆ ಬಣ್ಣ ಪ್ರಕಾಶಮಾನವಾಯಿತು, ಕಣ್ಣು ಮಾತ್ರ ನೆಟ್ಟ ನೋಟದ್ದಾಯಿತು.

ಮರದ ಗೊಂಬೆಯ ಸಮಸ್ಯೆಯೇ ಬೇರೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಮಾಡಿದ ಲೇಪ ಹಚ್ಚಿ, ನಯವಾದ ಮೈಮೇಲೆ ಬಣ್ಣ ಬರೆಯುವವರು. ಅಲ್ಲಿ ಬೆಳಕು ಬೀಳುವುದು ಎದುರಿನಿಂದ, ಹೀಗಾಗಿ ಕಣ್ಣಿನ ಬಿಳಿಯನ್ನು ಬಣ್ಣದಿಂದಲೇ ಮಾಡಬೇಕು. ಲೆಕ್ಕ ಹಾಕಿ ನೋಡಿ: ಮನುಷ್ಯನ ಕಣ್ಣಿನ ಸೀಳು ಸುಮಾರು 30 ಮಿಲಿಮೀಟರ್ ಅಗಲ. ಆರಿಂಚಿನ ಗೊಂಬೆಗೆ ಅದೇ ಪ್ರಮಾಣ ಹಿಡಿದರೆ ಮೂರು ಮಿಲಿಮೀಟರೂ ಸಿಗದು. ಅಷ್ಟರೊಳಗೆ ರೆಪ್ಪೆ, ಬಿಳಿ, ಪಾಪೆ ಎಲ್ಲ ಬರಬೇಕು. ಕುಶಲಕರ್ಮಿಗಳು ಕಣ್ಣನ್ನು ದೊಡ್ಡದು ಮಾಡುವುದು ಅಂದಕ್ಕಾಗಿ ಮಾತ್ರವಲ್ಲ, ಕೈ ಆಡಲು ಜಾಗ ಬೇಕೆಂದೂ ಹೌದು.

ಇನ್ನೊಂದು ಗುಟ್ಟು ರೆಪ್ಪೆಯದು. ಸಹಜವಾಗಿ ನೋಡುವಾಗ ಮೇಲಿನ ರೆಪ್ಪೆ ಪಾಪೆಯ ಸುತ್ತಲಿನ ವೃತ್ತವನ್ನು ಕೊಂಚ ಮುಚ್ಚಿರುತ್ತದೆ. ಆ ವೃತ್ತವನ್ನು ಪೂರ್ತಿ ಬಿಡಿಸಿ ಸುತ್ತ ಬಿಳಿ ಬಿಟ್ಟರೆ ಮುಖ ಬೆಚ್ಚಿದಂತೆಯೋ ಕೆರಳಿದಂತೆಯೋ ಕಾಣುತ್ತದೆ. ಅದಕ್ಕೇ ರಾಮನಿಗೆ ನೀಳಗಣ್ಣು, ರಕ್ಕಸರಿಗೆ ಗುಡ್ಡೆಗಣ್ಣು. ಜಾವಾ ದ್ವೀಪದ ತೊಗಲು ಗೊಂಬೆಗಳಲ್ಲೂ ಇಂಥದೇ ವ್ಯಾಕರಣವಿದೆ: ಅರ್ಜುನನಿಗೆ ಸೀಳಿನಂಥ ಕಣ್ಣು, ದೈತ್ಯರಿಗೆ ದುಂಡುಗಣ್ಣು. ಆದರೆ ಅಲ್ಲಿ ಭೀಮನಿಗೂ ದುಂಡುಗಣ್ಣೇ. ನಮ್ಮ ಭೀಮನ ಸಿಟ್ಟು ಬಲ್ಲವರು ಇದಕ್ಕೆ ತಕರಾರು ಮಾಡಲಾರರು.

ವಿಗ್ರಹಕ್ಕೆ ಕಣ್ಣನ್ನು ಕಡೆಗೆ ತೆರೆಸುವ ನೇತ್ರೋನ್ಮೀಲನ ನಮ್ಮ ದೇವಾಲಯಗಳ ಹಳೆಯ ಸಂಪ್ರದಾಯ. ಸಿಂಹಳದಲ್ಲಿ ಬುದ್ಧನಿಗೆ ಕಣ್ಣು ಬರೆಯುವವನು ಮೂರ್ತಿಯನ್ನು ನೇರ ನೋಡದೆ ಕನ್ನಡಿಯಲ್ಲಿ ನೋಡಿ ಬರೆಯುತ್ತಿದ್ದ. ಆನಂದ ಕುಮಾರಸ್ವಾಮಿಯವರು 1908ರ ತಮ್ಮ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ. ಮೊದಲ ನೋಟ ತನ್ನ ಮೇಲೆ ಬಿದ್ದೀತೆಂಬ ಅಂಜಿಕೆ ಅದು. ತೊಗಲು ಗೊಂಬೆಯನ್ನೂ ಅದರ ಜನ ಸತ್ತ ಚರ್ಮವೆಂದು ಎಣಿಸುವುದಿಲ್ಲ. ಆಟಕ್ಕೆ ಮೊದಲು ಪೂಜೆ. ಹರಿದು ಕೆಲಸಕ್ಕೆ ಬಾರದಾದಾಗ ನೀರಿನಲ್ಲಿ ವಿಸರ್ಜನೆ.

ಆ ಚರ್ಮ ಬರುವುದು ಹುಲ್ಲಿನಿಂದ ಎಂಬುದನ್ನು ಮರೆಯುವಂತಿಲ್ಲ. ಚಳ್ಳಕೆರೆಯ ವರವು ಕಾವಲ್ ಮೈಸೂರು ಅರಸರ ಕಾಲದ ಅಮೃತಮಹಲ್ ಗೋಮಾಳಗಳಲ್ಲಿ ಒಂದು. ಸುತ್ತಲ ಊರುಗಳ ಕುರಿ, ಆಡುಗಳೂ ಇಂಥ ಬಯಲುಗಳಲ್ಲೇ ಬೆಳೆದವು. ಕೃಷ್ಣಮೃಗಗಳೂ ಇದ್ದವು. ದೇವರ ಗೊಂಬೆಗೆ ಹಿಂದೆ ಜಿಂಕೆಯ ಚರ್ಮವೇ ಶ್ರೇಷ್ಠವೆನ್ನುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಮಾತು ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ವರವು ಕಾವಲಿನ 4 ಸಾವಿರಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನೆಗೆ ಹೋಗಿ, 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ನೆಲೆ ಶುರುವಾಯಿತು. ಮೇವಿನ ನೆಲ ಕಳೆದುಕೊಂಡ ಹಳ್ಳಿಗರು ಹಸಿರು ನ್ಯಾಯಮಂಡಳಿಯವರೆಗೂ ದೂರು ಒಯ್ದರು. ಗೊಂಬೆಯಾಟ ಸೊರಗಿದ್ದು ಇದರಿಂದಲ್ಲ ನಿಜ, ಸಿನಿಮಾ, ಟೀವಿಗಳು ಮೊದಲೇ ಆ ಕೆಲಸ ಮಾಡಿದ್ದವು. ಆದರೆ ಆಡು ಮೇಯಲು ಜಾಗವಿಲ್ಲದ ಊರಿನಲ್ಲಿ ಕಸುಬು ಮತ್ತೆ ಚಿಗುರುವುದೂ ಕಷ್ಟ.

ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಂಡಿತು. ಹಳೆಯ ಗೊಂಬೆಗಳು ಬಹಳಷ್ಟು ಈಗ ಸಂಗ್ರಹಾಲಯಗಳಲ್ಲಿವೆ. ಅಲ್ಲಿ ಗಾಜಿನ ಹಿಂದೆ ಇಟ್ಟು ಬೆಳಕನ್ನು ಎದುರಿನಿಂದ ಬಿಟ್ಟರೆ ಒಡವೆ, ಉಡುಪು, ಬಣ್ಣ ಎಲ್ಲ ಚೆನ್ನಾಗಿ ಕಾಣುತ್ತವೆ. ಕಣ್ಣಿನ ಜಾಗದಲ್ಲಿ ಮಾತ್ರ ಕಾಣುವುದು ಹಳದಿಗಟ್ಟಿದ ತೊಗಲು, ನಡುವೆ ಒಂದು ಮಸಿಬೊಟ್ಟು.