ಹಾರ್ಡ್ ಡಿಸ್ಕ್ ಕೊಳ್ಳುವ ಮುನ್ನ: ಸದ್ದು, ವೇಗ, ವಿಶ್ವಾಸಾರ್ಹತೆ

ವರ್ತಕ ಬಾಂಧವರ ಕಿರ್ದಿ-ಖಾತೆಗಳು ಪುಸ್ತಕದಿಂದ ಗಣಕಯಂತ್ರಕ್ಕೆ ಸ್ಥಳಾಂತರಗೊಂಡು ಬಹಳ ಕಾಲವಾಯಿತು. ಅಂದು ಲೆಕ್ಕದ ಪುಸ್ತಕವನ್ನು ತಿಜೋರಿಯಲ್ಲಿಟ್ಟು ಬೀಗ ಹಾಕುತ್ತಿದ್ದ ನಾವು, ಇಂದು ಅದೇ ಲೆಕ್ಕವನ್ನು ಹೊತ್ತ ಹಾರ್ಡ್ ಡಿಸ್ಕನ್ನು ಕೊಳ್ಳುವಾಗ ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ತರುತ್ತೇವೆ.

ನನ್ನ ಕಕ್ಷಿದಾರರೊಬ್ಬರ ಮಳಿಗೆಯ ಗಣಕಯಂತ್ರವು ಕೆಲವು ವಾರ ‘ಟಿಕ್ ಟಿಕ್’ ಎಂದು ಸದ್ದು ಮಾಡುತ್ತಿತ್ತು. ಎಲ್ಲರೂ ಅದನ್ನು ಫ್ಯಾನಿನ ಸದ್ದೆಂದು ಭಾವಿಸಿದ್ದರು. ಲೆಕ್ಕಪರಿಶೋಧನಾ ವರದಿ ಸಲ್ಲಿಸಬೇಕಾದ ಕೊನೆಯ ವಾರದಲ್ಲಿ ಡಿಸ್ಕ್ ನಿಂತುಹೋಯಿತು. ಮೂರು ತಿಂಗಳ ಬಿಲ್ಲುಗಳನ್ನು ಕಾಗದದಿಂದ ಮತ್ತೆ ನಮೂದಿಸಬೇಕಾಯಿತು. ಅನಂತರ ಅವರು ಕೇಳಿದ್ದು: “ಈಗ ಯಾವ ಕಂಪನಿಯದು ತರೋಣ ಸರ್?” ಅನೇಕ ಸದಸ್ಯರ ಪ್ರಶ್ನೆಯೂ ಇದೇ ಆಗಿರುವುದರಿಂದ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ತಯಾರಕರು ಯಾರು?

ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದಿತು. ಮುಂದೆ ಹಲವಾರು ಕಂಪನಿಗಳು ಈ ಉದ್ಯಮಕ್ಕೆ ಬಂದವು, ಒಂದರಲ್ಲೊಂದು ವಿಲೀನವೂ ಆದವು. 2006ರಲ್ಲಿ ಮ್ಯಾಕ್ಸ್‌ಟರ್, 2011ರಲ್ಲಿ ಸ್ಯಾಮ್‌ಸಂಗ್‌ನ ಡಿಸ್ಕ್ ವಿಭಾಗ ಸೀಗೇಟ್ ಪಾಲಾದವು. 2012ರಲ್ಲಿ ಹಿಟಾಚಿಯ ಡಿಸ್ಕ್ ಉದ್ಯಮ ವೆಸ್ಟರ್ನ್ ಡಿಜಿಟಲ್ ಪಾಲಾಯಿತು. ಈಗ ಉಳಿದಿರುವ ತಯಾರಕರು ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ, ಈ ಮೂವರೇ.

ಸದ್ದು

ಹಳೆಯ ಡಿಸ್ಕುಗಳಲ್ಲಿ ಬಾಲ್ ಬೇರಿಂಗ್ ಇದ್ದುದರಿಂದ ಸದ್ದು ಹೆಚ್ಚು. ದ್ರವ ಬೇರಿಂಗ್ ಬಂದ ಮೇಲೆ ಎಲ್ಲ ಕಂಪನಿಗಳ ಡಿಸ್ಕುಗಳೂ ಶಾಂತವಾಗಿವೆ. ಇಂದು ಸದ್ದಿನ ವ್ಯತ್ಯಾಸವು ಹೆಸರಿಗಿಂತ ಹೆಚ್ಚಾಗಿ ತಿರುಗುವ ವೇಗವನ್ನು ಅವಲಂಬಿಸಿದೆ. ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತಿನ ಡಿಸ್ಕ್ 7,200 ಸುತ್ತಿನದಕ್ಕಿಂತ ಮೆಲುದನಿಯದು. ಹದವಾದ ಗುಂಯ್‌ಗುಡುವಿಕೆ ದೋಷವಲ್ಲ. ಹೊಸದಾಗಿ ಕೇಳಿಬರುವ ‘ಟಿಕ್ ಟಿಕ್’ ಮಾತ್ರ ಅಪಾಯದ ಸೂಚನೆ. ಆಗ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡದೆ ಕೂಡಲೇ ನಿಲ್ಲಿಸಿ ತಜ್ಞರಿಗೆ ತೋರಿಸತಕ್ಕದ್ದು.

ವೇಗ

ಬೇಕಾದ ಮಾಹಿತಿಯು ಓದುವ ಸೂಜಿಯ ಕೆಳಗೆ ಬರಲು ತಟ್ಟೆಯು ಸರಾಸರಿ ಅರ್ಧ ಸುತ್ತು ತಿರುಗಬೇಕು. ಇದಕ್ಕೆ 7,200 ಸುತ್ತಿನ ಡಿಸ್ಕಿಗೆ 4.17, 5,400 ಸುತ್ತಿನದಕ್ಕೆ 5.56 ಮಿಲಿಸೆಕೆಂಡು ಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಈ ಕಾಯುವಿಕೆಯೂ ಇಲ್ಲ, ಸದ್ದೂ ಇಲ್ಲ. ಸಾವಿರಾರು ಸಣ್ಣ ನಮೂದುಗಳನ್ನು ಹುಡುಕುವ ಲೆಕ್ಕದ ತಂತ್ರಾಂಶಕ್ಕೆ ಎಸ್‌ಎಸ್‌ಡಿಯೇ ಸೂಕ್ತ. ಆದರೆ ಅದು ಕೆಡುವಾಗಲೂ ಸದ್ದು ಮಾಡದು, ವಿದ್ಯುತ್ ಇಲ್ಲದೆ ದೀರ್ಘಕಾಲ ಇಟ್ಟರೆ ಮಾಹಿತಿ ಅಳಿಯುವ ಸಂಭವವೂ ಉಂಟು. ಆದುದರಿಂದ ಕಪಾಟಿನಲ್ಲಿಡುವ ಪ್ರತಿಗೆ ಅಗ್ಗವಾದ ಹಾರ್ಡ್ ಡಿಸ್ಕೇ ಮೇಲು.

ವಿಶ್ವಾಸಾರ್ಹತೆ

ಪೆಟ್ಟಿಗೆಯ ಮೇಲೆ ಅಥವಾ ವಿವರಪತ್ರದಲ್ಲಿ ‘ಸರಾಸರಿ ಆಯುಷ್ಯ 10 ಲಕ್ಷ ಗಂಟೆ’ ಎಂದಿದ್ದರೆ ಮರುಳಾಗಬಾರದು. ಲೆಕ್ಕ ಹಾಕಿದರೆ ಅದು 114 ವರ್ಷ! ಅದರ ನಿಜಾರ್ಥ, ವರ್ಷಕ್ಕೆ ಸುಮಾರು ಶೇ. 0.88 ಡಿಸ್ಕುಗಳು ಕೆಡಬಹುದು ಎಂಬುದಷ್ಟೇ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಸ್ತವವಾಗಿ ವರ್ಷಕ್ಕೆ ಶೇ. 2ರಿಂದ 4ರಷ್ಟು ಡಿಸ್ಕುಗಳನ್ನು ಬದಲಿಸುವುದು ಸಾಮಾನ್ಯವೆಂದು ಕಂಡುಬಂದಿತು.

ಬ್ರ್ಯಾಂಡಿನ ಹೆಸರೂ ಪೂರ್ಣ ಭರವಸೆಯಲ್ಲ. ಡಿಸ್ಕಿಗೆ ಜನ್ಮವಿತ್ತ ಐಬಿಎಂನದೇ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಮಾದರಿಯು 2000ದ ನಂತರ ಬೇಗ ಕೆಡುವುದಕ್ಕೆ ಕುಖ್ಯಾತವಾಯಿತು. ಸಾವಿರಾರು ಡಿಸ್ಕುಗಳನ್ನು ಬಳಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿಯು 2013ರಿಂದ ತನ್ನ ಅನುಭವದ ಅಂಕಿಗಳನ್ನು ಪ್ರಕಟಿಸುತ್ತಿದೆ. ಅದರಲ್ಲಿ ಸೀಗೇಟ್‌ನ ಒಂದು 3 ಟಿಬಿ ಮಾದರಿ ಗಾಬರಿಯಾಗುವಷ್ಟು ಕೆಟ್ಟರೆ, ಅದೇ ಕಂಪನಿಯ ಇತರ ಮಾದರಿಗಳು ಚೆನ್ನಾಗಿಯೇ ನಡೆದವು. ಆದ್ದರಿಂದ ವಿಚಾರಿಸಬೇಕಾದದ್ದು ಕಂಪನಿಯನ್ನಲ್ಲ, ಮಾದರಿಯನ್ನು.

ವಾರಂಟಿಯ ಅವಧಿಯೂ ಒಂದು ಸೂಚಕ. ದೀರ್ಘ ವಾರಂಟಿ ನೀಡುವ ತಯಾರಕನು ಅದರ ವೆಚ್ಚಕ್ಕೆ ತನ್ನ ಲೆಕ್ಕದಲ್ಲಿ ಹಣ ತೆಗೆದಿಡಬೇಕಾಗುತ್ತದೆ. ತಾನೇ ನಂಬದ ಮಾಲಿಗೆ ಅವನು ಐದು ವರ್ಷದ ಹೊಣೆ ಹೊರಲಾರ. ಆದರೆ ವಾರಂಟಿ ಇರುವುದು ಡಿಸ್ಕಿಗೆ, ಅದರೊಳಗಿನ ಲೆಕ್ಕಕ್ಕಲ್ಲ.

ಕಾನೂನು ಹೇಳುವುದೇನು?

2013ರ ಕಂಪನಿಗಳ ಕಾಯಿದೆಯ ಎರಡನೆಯ ಅನುಸೂಚಿಯು ಮೇಜಿನ ಮೇಲಿನ ಗಣಕಯಂತ್ರಕ್ಕೆ ನೀಡಿರುವ ಆಯುಷ್ಯ 3 ವರ್ಷ. ಅದೇ ಕಾಯಿದೆಯ 128ನೆಯ ಕಲಮು ಲೆಕ್ಕಪತ್ರಗಳನ್ನು 8 ಹಣಕಾಸು ವರ್ಷ ಕಾಪಾಡಬೇಕೆನ್ನುತ್ತದೆ. ಕಂಪನಿಯಲ್ಲದ ವರ್ತಕರೂ ಜಿಎಸ್‌ಟಿಯಡಿ ನೋಂದಾಯಿಸಿದ್ದರೆ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ದಾಖಲೆಗಳನ್ನು ಇಟ್ಟಿರಬೇಕು. ಅಂದರೆ ಲೆಕ್ಕವು ಯಂತ್ರಕ್ಕಿಂತ ಹೆಚ್ಚು ಕಾಲ ಬಾಳಬೇಕು. ಯಾವ ಡಿಸ್ಕ್ ತಂದರೂ ಅದೊಂದನ್ನೇ ನಂಬಿ ಈ ಹೊಣೆ ನಿರ್ವಹಿಸಲಾಗದು.

ಆದುದರಿಂದ ನನ್ನ ಸಲಹೆ ಇಷ್ಟು:

1. ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಪ್ರತಿಗಳಿಗೆ ಎರಡು ಹಾರ್ಡ್ ಡಿಸ್ಕ್ ಇರಲಿ. ಆ ಎರಡೂ ಬೇರೆ ಬೇರೆ ಕಂಪನಿಯವಾಗಿರಲಿ.
2. ಪ್ರತಿದಿನ ವಹಿವಾಟು ಮುಗಿದ ಮೇಲೆ ಪ್ರತಿ ತೆಗೆಯಿರಿ. ಒಂದು ಡಿಸ್ಕ್ ಮಳಿಗೆಯ ಹೊರಗೆ, ಮನೆಯಲ್ಲಿರಲಿ.
3. ಯಂತ್ರಕ್ಕೆ ಯುಪಿಎಸ್ ತಪ್ಪದೆ ಇರಲಿ.
4. ತಿಂಗಳಿಗೊಮ್ಮೆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ನನ್ನ ಕಕ್ಷಿದಾರರಿಗೆ ಕೊಟ್ಟ ಉತ್ತರವೂ ಇದೇ: “ಯಾವ ಕಂಪನಿಯದಾದರೂ ತನ್ನಿ, ಆದರೆ ಒಂದನ್ನೇ ತರಬೇಡಿ.”